ತುದಿಗಾಲಿನ ಮೇಡಂ

ಕೆಳಗೆ ಟಿವಿ ಮಾರಿ ಮೇಲೆ ನೃತ್ಯ ಕಲಿಸುವ ಕಟ್ಟಡದಲ್ಲಿ ಕೆಲಸಕ್ಕೆ ಕೂತರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ತಡೆಯಲು ಬರುವುದಿಲ್ಲ.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್. ತೊಂಬತ್ತರ ದಶಕದ ಕೊನೆ. ಮಾಲೀಕರು ಮಂಗಳೂರು ಕಡೆಯ ಬ್ಯಾರಿ ಮುಸ್ಲಿಮರು. ಕೆಳಗೆ ಅವರ ಎಲೆಕ್ಟ್ರಾನಿಕ್ಸ್ ಅಂಗಡಿ. ಮೇಲಿನ ಮಹಡಿ ಸುಮ್ಮನೆ ಬಿದ್ದಿದೆ ಎಂದು ಅಲ್ಲಿ ಸಂಗೀತ, ಭರತನಾಟ್ಯ, ಕರಾಟೆ ತರಗತಿ ತೆರೆದಿದ್ದರು. ಅದರ ಆಫೀಸು ನೋಡಿಕೊಳ್ಳುತ್ತಿದ್ದವನು ನಾನು. ಒಂದು ಮೇಜು, ಒಂದು ಫೋನು, ನಾನು. ಅಷ್ಟೆ.

೧. ಪಿಂಚಣಿ

ಒಂದು ಬೆಳಿಗ್ಗೆ ಮಾಲೀಕರು ಒಬ್ಬ ಹೆಂಗಸನ್ನು ಕರೆತಂದರು. ಎತ್ತರದ ಆಳು, ಬಾಗದ ಬೆನ್ನು. ಕುರ್ಚಿ ತೋರಿಸಿದೆ. ಕೂತ ಮೇಲೂ ನಿಂತ ಹಾಗೇ ಕಂಡರು.

"ರಷ್ಯಾದವರು. ಬ್ಯಾಲೆ ಮಾಡುವವರು," ಎಂದರು ಮಾಲೀಕರು. "ಭರತನಾಟ್ಯ ಗಲ್ಲಿಗೊಂದು ಉಂಟು ಮಾರಾಯ್ರೆ. ಬ್ಯಾಲೆ ಯಾರ ಹತ್ತಿರ ಉಂಟು ಹೇಳಿ?"

ಹಿಂದಿನ ಕೆಲಸದ ಬಗ್ಗೆ ಮೇಡಂ ಅವರನ್ನೇ ಕೇಳಿದೆ. ಅವರಿಗೆ ಇಂಗ್ಲಿಷ್ ಕಡಿಮೆ. ನನಗೆ ಮಾತೇ ಕಡಿಮೆ. ಹಾಗಾಗಿ ಬೇಗ ಮುಗಿಯಿತು.

ಹತ್ತನೇ ವಯಸ್ಸಿಗೆ ಬ್ಯಾಲೆ ಶಾಲೆ. ಹದಿನೆಂಟಕ್ಕೆ ತಮ್ಮ ಊರಿನ ಥಿಯೇಟರು. ಮೂವತ್ತೆಂಟಕ್ಕೆ ಪಿಂಚಣಿ. ಅಷ್ಟರಲ್ಲಿ ದೇಶವೇ ಒಡೆದು ಬೇರೆಯಾಗಿತ್ತು. ಥಿಯೇಟರಿನ ಅರ್ಧ ಭಾಗದಲ್ಲಿ ಸೋಫಾ ಮಾರತೊಡಗಿದ್ದರು. ದುಬೈಯ ಹೋಟೆಲೊಂದರಲ್ಲಿ ಕುಣಿಯಲು ಕರೆದರು, ಬಂದರು.

"ಹೋಟೆಲ್ ಯಾಕೆ ಬಿಟ್ಟಿರಿ?"

"ಜನ ಊಟ ಮಾಡುತ್ತಾರೆ. ನಾನು ಕುಣಿಯುತ್ತೇನೆ. ಅವರು ಕಬಾಬ್ ನೋಡುತ್ತಾರೆ."

"ಥಿಯೇಟರಿನಲ್ಲಿ ಯಾವ ಪಾತ್ರ?"

"ಹಿಂದಿನ ಸಾಲು. ಎಡಗಡೆ ಕೊನೆ."

"ಇಪ್ಪತ್ತು ವರ್ಷವೂ?"

"ಒಂದು ಸಲ ಮುಂದೆ ಹೋದೆ. ಮುಂದಿನವಳು ಬಿದ್ದಳು. ಎತ್ತಲು ಹೋದೆ."

ನಗಲಿಲ್ಲ ಅವರು. ನಾನೂ ನಗಲಿಲ್ಲ. ಅಲ್ಲಿಂದ ನಮಗೆ ಹೊಂದಿಕೆಯಾಯಿತು. ಅವರು ನನ್ನನ್ನು ಕೊನೆಯವರೆಗೂ ಕರೆದದ್ದು "ಮಿಸ್ಟರ್ ಆಫೀಸ್" ಎಂದು.

ಮಾಲೀಕರು ನನ್ನನ್ನು ಹೊರಗೆ ಕರೆದು ಷರತ್ತು ಹೇಳಿದರು. "ವಾರ್ಷಿಕೋತ್ಸವದ ತನಕ ನೋಡುವ. ಮಕ್ಕಳು ಸರಿ ಕುಣಿದರೆ ವೀಸಾ ಮುಂದುವರಿಸುವ. ಇಲ್ಲದಿದ್ದರೆ ಖಲಾಸ್. ಮೇಲಿನ ಹಾಲ್ ಕರಾಟೆಗೆ, ಮೇಡಂ ವಿಮಾನಕ್ಕೆ."

ಒಳಗೆ ಬಂದು ಇದನ್ನು ಮೇಡಂಗೆ ಹೇಳಿದೆ. ತಲೆ ಆಡಿಸಿದರು. ವಾಪಸು ಹೋದರೆ ಇರುವುದು ಸೋಫಾ ಅಂಗಡಿ.

ಮಾಲೀಕರಿಗೆ ಮಾತ್ರ ಬೇರೆಯೇ ಚಿಂತೆ. ಮೆಟ್ಟಿಲಿಳಿಯುತ್ತ ಹೇಳಿದರು: "ಮೂವತ್ತೆಂಟಕ್ಕೇ ಪಿಂಚಣಿಯಂತೆ! ಆ ಕಾನೂನು ಇಲ್ಲಿಗೆ ಬಂದರೆ ನನ್ನ ಅಂಗಡಿಯಲ್ಲಿ ಫ್ರಿಜ್ಜುಗಳು ಮಾತ್ರ ಉಳಿದಾವು."

೨. ನೆಲ

ಬ್ಯಾಲೆಗೆ ನೆಲ ಮುಖ್ಯವಂತೆ. ನಮ್ಮ ಹಾಲಿನದು ಕಲ್ಲಿನಂಥ ಟೈಲ್ಸ್. ಮೇಡಂ ಹಿಮ್ಮಡಿಯಿಂದ ಕುಟ್ಟಿ ನೋಡಿ, "ಮೊಣಕಾಲು ಖಲಾಸ್," ಎಂದರು. ದುಬೈಯಲ್ಲಿ ಅವರು ಕಲಿತ ಅರಬ್ಬಿ ಅದೊಂದೇ.

ಮಾಲೀಕರು ಕೈ ಬಿಗಿಹಿಡಿಯುವವರಲ್ಲ. ಅಲ್ ಮೀನಾದ ಕಾರ್ಪೆಟ್ ಮಾರ್ಕೆಟ್ಟಿಗೆ ತಾವೇ ಹೋದರು. ಪಿಕಪ್ಪಿನಲ್ಲಿ ಒಂದು ಕಾರ್ಪೆಟ್ ಹೇರಿಸಿಕೊಂಡು ಬಂದರು. ಕೆಂಪು ಹೂವು, ಹಸಿರು ಬಳ್ಳಿ, ಕಾಲಿಟ್ಟರೆ ಪಾದ ಕಾಣದಷ್ಟು ದಪ್ಪ.

"ಇಂಥದ್ದು ನನ್ನ ಮನೆಯಲ್ಲೂ ಇಲ್ಲ," ಎಂದರು.

ಮೇಡಂ ಅದರ ನಡುವೆ ಹೋಗಿ ತುದಿಗಾಲಲ್ಲಿ ನಿಂತು ಗಿರ್ರನೆ ಒಂದು ಸುತ್ತು ಹಾಕಿದರು. ಕಾರ್ಪೆಟ್ಟೂ ಅವರ ಜೊತೆಗೆ ಒಂದು ಸುತ್ತು ಹಾಕಿತು. ಬಿಡಿಸಲು ನಾನು, ಮಾಲೀಕರು ಇಬ್ಬರೂ ಬೇಕಾಯಿತು.

"ಇದು ಮಲಗಲು ಒಳ್ಳೆಯದು," ಎಂದರು ಮೇಡಂ. "ಕುಣಿಯಲು ಮರ ಬೇಕು."

ಕಾರ್ಪೆಟ್ ಮಾಲೀಕರ ಮನೆಗೆ ಹೋಯಿತು. ಮರಕ್ಕೆ ಕೊರತೆ ಇರಲಿಲ್ಲ. ಗೋದಾಮಿನಲ್ಲಿ ಫ್ರಿಜ್ಜು, ಏಸಿ ಬಂದಿದ್ದ ಮರದ ಪೆಟ್ಟಿಗೆಗಳ ರಾಶಿಯೇ ಇತ್ತು. ಬಡಗಿ ಬಂದು ಅವನ್ನು ಒಡೆದು, ಅಡಿಗೆ ರಬ್ಬರ್ ಕೊಟ್ಟು, ಹಾಲಿಗೆಲ್ಲ ಹಾಸಿದ. ಹಲಗೆಗಳ ಮೇಲಿನ ಅಕ್ಷರ ಹಾಗೇ ಉಳಿದವು. ಒಂದು ಕಡೆ ಕೊಡೆಯ ಚಿತ್ರ, ಒಂದು ಕಡೆ ಗಾಜಿನ ಲೋಟ, ಎಲ್ಲೆಲ್ಲೂ ಬಾಣದ ಗುರುತು. ಮೇಡಂಗೆ ಅದೇ ಅನುಕೂಲವಾಯಿತು. ಪಾದ ಬಾಣದ ಕಡೆಗೆ, ಹಿಮ್ಮಡಿ ಲೋಟದ ಮೇಲೆ, ಹೀಗೆ ಪಾಠ.

ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದ ತಾಯಿ ಕೇಳಿದರು, "ಇವತ್ತು ಏನು ಕಲಿತೆ ಪುಟ್ಟಾ?"

"ಇವತ್ತು ನಾವು ಫ್ರಿಜ್ಜಿಂದ ಏಸಿಗೆ ಜಂಪ್ ಮಾಡಿದ್ವಿ ಮಮ್ಮಿ."

ಆ ತಾಯಿ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

೩. ವಿಜಯದಶಮಿ

ತರಗತಿ ಶುರುವಾದದ್ದು ಹೇಗೆಂದು ಮೊದಲು ಹೇಳಬೇಕಿತ್ತು. ಇರಲಿ.

ನಮ್ಮವರು ಮಕ್ಕಳನ್ನು ಹೊಸ ವಿದ್ಯೆಗೆ ಹಾಕುವುದು ವಿಜಯದಶಮಿಗೆ. ವೀಣೆಯಾದರೂ ಅಷ್ಟೆ, ಬ್ಯಾಲೆಯಾದರೂ ಅಷ್ಟೆ. ಆ ದಿನ ಬೆಳಿಗ್ಗೆ ಹಾಲಿನ ತುಂಬ ಮಕ್ಕಳು. ಬೆಂಗಳೂರಿನವರು, ಮೈಸೂರಿನವರು, ಮಂಗಳೂರಿನವರು. ಎಲ್ಲರ ಕೈಯಲ್ಲೂ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು. ಮೇಡಂ ಬಾಗಿಲಲ್ಲೇ ನಿಂತರು.

"ಮಿಸ್ಟರ್ ಆಫೀಸ್, ಇವರು ಊಟಕ್ಕೆ ಬಂದಿದ್ದಾರಾ?"

"ಗುರುಗಳಿಗೆ," ಎಂದೆ.

ಅಷ್ಟರಲ್ಲಿ ಮೊದಲನೆಯ ಹುಡುಗಿ ತಟ್ಟೆ ಕೊಟ್ಟು, ಬಗ್ಗಿ, ಎರಡೂ ಕೈಗಳಿಂದ ಮೇಡಂ ಪಾದ ಮುಟ್ಟಿದಳು. ಬ್ಯಾಲೆಯವರಿಗೆ ಪಾದವೆಂದರೆ ಆಸ್ತಿ. ಅದರಲ್ಲೂ ತುಂಬ ಹಳೆಯ ಗಾಯಗಳು. ಯಾರೋ ಮುಟ್ಟಿದರು ಎನ್ನುವಷ್ಟರಲ್ಲಿ ಮೇಡಂ ಹೌಹಾರಿ, ಎರಡೂ ಕೈ ಅಗಲಿಸಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ, ತಟ್ಟೆ ಸಮೇತ ಗಾಳಿಯಲ್ಲಿ ಹಿಂದಕ್ಕೆ ಹಾರಿದರು. ತೆಂಗಿನಕಾಯಿ ಬೀಳಲಿಲ್ಲ. ಅದು ಅವರ ಕಸುಬು.

ಹಾಲಿನಲ್ಲಿದ್ದವರೆಲ್ಲ ಮೇಡಂ ಕಡೆ ತಿರುಗಿದರು.

ಆಮೇಲೆ ಮಕ್ಕಳೆಲ್ಲ, ಇದೇ ಮೊದಲ ಪಾಠ ಎಂದುಕೊಂಡು, ತಟ್ಟೆ ಹಿಡಿದೇ ಹಾರಿದರು.

ಆ ದಿನ ಒಡೆಯದೆ ಉಳಿದದ್ದು ಮೇಡಂ ಕೈಯಲ್ಲಿದ್ದ ಕಾಯಿ ಒಂದೇ.

೪. ಸುತ್ತಿಗೆ

ಮಕ್ಕಳು ತುದಿಗಾಲಲ್ಲಿ ನಿಲ್ಲುವುದು ಯಾವಾಗ ಎಂದು ತಾಯಂದಿರು ದಿನಾ ಕೇಳುತ್ತಿದ್ದರು. ಫೋಟೋ ತೆಗೆದು ಊರಿಗೆ ಕಳಿಸಬೇಕಲ್ಲ. ಮೇಡಂ ಉತ್ತರ ಒಂದೇ. "ಮೂಳೆ ಬಲಿಯಲಿ. ಕೆಲವು ವರ್ಷ."

ತಾವು ಮಾತ್ರ ತುದಿಗಾಲಿನ ಬೂಟು ತರಿಸಿಕೊಂಡರು. ಅವರ ಊರಿನಿಂದ ಪಾರ್ಸೆಲ್ ಬಂತು. ಗುಲಾಬಿ ರೇಷ್ಮೆ, ಉದ್ದ ರಿಬ್ಬನ್. ಮದುಮಗಳು ಹಾಕಬೇಕು, ಅಷ್ಟು ಚೆಂದ. ಮೇಡಂ ಅದನ್ನು ಬೆಳಕಿಗೆ ಹಿಡಿದು ಎರಡು ನಿಮಿಷ ನೋಡಿದರು. ಆಮೇಲೆ ನನ್ನಲ್ಲಿ ಸುತ್ತಿಗೆ ಕೇಳಿದರು.

ಕೊಟ್ಟೆ. ಬೂಟನ್ನು ನೆಲದ ಮೇಲಿಟ್ಟು ಸುತ್ತಿಗೆಯಿಂದ ಜಜ್ಜತೊಡಗಿದರು. ಸಾಲದೆಂದು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಬಡಿದರು. ಹೊಸ ಬೂಟು ಗಟ್ಟಿ ಇರುತ್ತದಂತೆ. ಕುಣಿದರೆ ಟಕಟಕ ಸದ್ದು ಬರುತ್ತದಂತೆ. ಹೀಗೆ ಬಡಿದು ಪಳಗಿಸಬೇಕಂತೆ.

ಸದ್ದು ಕೇಳಿ ಕೆಳಗಿನಿಂದ ಮಾಲೀಕರು ಓಡಿ ಬಂದರು. ಬಾಗಿಲ ಬಳಿ ನಿಂತು ನೋಡಿದರು. ನನ್ನ ಕಿವಿಯಲ್ಲಿ ಕೇಳಿದರು, "ಎಂತ, ಯಾರ ಮೇಲೆ ಸಿಟ್ಟು?"

"ಯಾರ ಮೇಲೂ ಇಲ್ಲ. ಬೂಟು ಹೊಸತು."

ಮಾಲೀಕರು ಸುತ್ತಿಗೆಯನ್ನೇ ನೋಡಿದರು. "ಷರತ್ತಿನ ವಿಷಯ ಹೇಳಿದ್ದು ನೀವೇ ಅಲ್ವಾ? ನನ್ನ ಹೆಸರು ಹೇಳಲಿಲ್ಲ ತಾನೆ?"

ಆಮೇಲೆ ಮೇಡಂ ಅವರನ್ನು, "ನೀವು ಕುಣಿಯುವುದಿಲ್ಲವಲ್ಲ, ಬೂಟು ಯಾಕೆ?" ಎಂದು ಕೇಳಿದೆ. ಅವರು, "ಇರಲಿ," ಎಂದು ಚೀಲಕ್ಕೆ ತುಂಬಿಕೊಂಡರು.

೫. ದೃಷ್ಟಿ

ಮೈಸೂರಿನಿಂದ ಒಬ್ಬ ಅಜ್ಜಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಮೊಮ್ಮಗಳು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕುಣಿಯುವವಳು. ವಾರ್ಷಿಕೋತ್ಸವಕ್ಕೆ ಮುಂದಿನ ಸಾಲಿನ ನಡುವಿನ ಜಾಗ ಅವಳದ್ದೇ. ಅಜ್ಜಿಗೆ ಬ್ಯಾಲೆ ಹಿಡಿಸಿರಲಿಲ್ಲ.

"ಇದೇನು ರಾಯರೇ, ಮಗೂನ ಕೊಕ್ಕರೆ ಥರ ಒಂಟಿ ಕಾಲಲ್ಲಿ ನಿಲ್ಲಿಸಿದಾರೆ? ಹಾಡಿಲ್ಲ, ಭಾವ ಇಲ್ಲ. ಮುಖ ನೋಡಿದ್ರೆ ಹಲ್ಲುನೋವು ಬಂದ ಹಾಗಿದೆ."

ಅವತ್ತು ಮಗು ನಿಜಕ್ಕೂ ಚೆನ್ನಾಗಿ ಕುಣಿಯಿತು. ನೋಡುತ್ತಿದ್ದ ತಾಯಿಯೊಬ್ಬರು, "ಎಷ್ಟು ಮುದ್ದಾಗಿ ಮಾಡ್ತಾಳೆ ಅಲ್ವಾ!" ಎಂದರು. ಮೇಡಂಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು.

ಮೇಡಂ ಎಡಕ್ಕೆ ತಿರುಗಿ, "ಥೂ ಥೂ ಥೂ" ಎಂದು ಭುಜದ ಹಿಂದಕ್ಕೆ ಉಗಿದರು.

ಅದೇ ಗಳಿಗೆಯಲ್ಲಿ ಈಚೆ ಬೆಂಚಿನಿಂದ ಅಜ್ಜಿಯೂ "ಥೂ ಥೂ ಥೂ" ಎಂದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರಷ್ಯಾದಲ್ಲಿ ಎಡ ಭುಜದ ಹಿಂದೆ ಸೈತಾನ ಕೂತಿರುತ್ತಾನಂತೆ. ಹೊಗಳಿಕೆ ಕೇಳಿದ ಕೂಡಲೇ ಅವನಿಗೆ ಮೂರು ಸಲ ಉಗಿಯಬೇಕಂತೆ. ಇಲ್ಲದಿದ್ದರೆ ಕೆಟ್ಟದಾಗುತ್ತದಂತೆ. ನಾನು ಅಜ್ಜಿಗೆ ಹೇಳಿದೆ.

"ಹಾಗನ್ನಿ ಮತ್ತೆ! ತಿಳಿದೋರು," ಎಂದರು ಅಜ್ಜಿ. ಅಲ್ಲಿಂದ ಅವರಿಗೆ ಬ್ಯಾಲೆ ಹಿಡಿಸಿತು.

ಹಿಡಿಸಿದ್ದು ಸ್ವಲ್ಪ ಹೆಚ್ಚಾಯಿತು. ಉಗಿದರೆ ಸಾಲದು ಎಂದು ಮರುವಾರ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ತಂದರು. ಮೇಡಂ ಮತ್ತು ಮಕ್ಕಳಿಗೆಲ್ಲ ಸೇರಿಸಿ ನಿವಾಳಿಸಿದರು. ನಮ್ಮ ಪ್ಯಾಂಟ್ರಿಯ ಗ್ಯಾಸ್ ಒಲೆಯ ಮೇಲೆ ಹಾಕಿದರು.

ಫೈರ್ ಅಲಾರಾಂ ಹೊಡೆದುಕೊಂಡಿತು. ಇಡೀ ಕಟ್ಟಡ ಬೀದಿಗೆ ಬಂತು. ಎಲೆಕ್ಟ್ರಾ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಒಂದು ಕಡೆ ಗುಲಾಬಿ ಲಂಗದ ಮಕ್ಕಳು, ಇನ್ನೊಂದು ಕಡೆ ಬಿಳಿ ಅಂಗಿಯ ಕರಾಟೆಯವರು, ನಡುವೆ ಟಿವಿ ಕೊಳ್ಳಲು ಬಂದು ರಿಮೋಟ್ ಕೈಯಲ್ಲೇ ಉಳಿದ ಗಿರಾಕಿ. ಎಲ್ಲರೂ ಕೆಮ್ಮುತ್ತಿದ್ದರು. ಅಜ್ಜಿ ಒಬ್ಬರೇ ಗೆದ್ದವರಂತೆ ನಿಂತಿದ್ದರು.

ಅಗ್ನಿಶಾಮಕದ ವಾಹನ ಬಂತು. ಅರಬ್ ಅಧಿಕಾರಿ ಇಳಿದು ಏನಾಯಿತು ಎಂದು ಕೇಳಿದರು. ಮಾಲೀಕರು ಬೆವರು ಒರೆಸಿಕೊಂಡು, ಮಕ್ಕಳಿಗೆ ಕೆಟ್ಟ ಕಣ್ಣು ಬಿದ್ದಿತ್ತು, ಒಬ್ಬರು ಮುದುಕಿ ತೆಗೆದರು ಎಂದು ಅರಬ್ಬಿಯಲ್ಲಿ ಉಸುರಿದರು.

ಅಧಿಕಾರಿ ಗಂಭೀರವಾಗಿ ತಲೆದೂಗಿದರು. ಬೆಂಕಿಯ ವಿಷಯ ಕೇಳಲೇ ಇಲ್ಲ.

"ಹೋಯಿತಾ?" ಎಂದರು.

"ಹೋಯಿತು."

"ಅಲ್‌ಹಮ್ದುಲಿಲ್ಲಾ," ಎಂದು ಗಾಡಿ ಹತ್ತಿದರು.

ಅಂದಿನಿಂದ ನಮ್ಮಲ್ಲಿ ಒಂದು ನಿಯಮವಾಯಿತು. ಮೇಡಂ ಅವರನ್ನು ಹೊಗಳುವುದಿದ್ದರೆ ಬಲಗಡೆ ನಿಂತು ಹೊಗಳಬೇಕು.

೬. ಹೊರಡುವ ಮುನ್ನ

ವಾರ್ಷಿಕೋತ್ಸವ ದುಬೈಯಲ್ಲಿ ಎಂದು ಮಾಲೀಕರು ತೀರ್ಮಾನಿಸಿದರು. ದುಬೈಯಲ್ಲಿ ಶಾಲೆ ನಡೆಸುವ ನಮ್ಮ ಊರಿನ ದೊಡ್ಡ ಮನುಷ್ಯರೊಬ್ಬರು ಮುಖ್ಯ ಅತಿಥಿ. ಅವರಿಗೆ ಹಿಡಿಸಿದರೆ ಅವರ ಶಾಲೆಯಲ್ಲೂ ಬ್ಯಾಲೆ. ಹಿಡಿಸದಿದ್ದರೆ ನಮ್ಮಲ್ಲೂ ಇಲ್ಲ.

ಗುರುವಾರ ಮಧ್ಯಾಹ್ನ ಬಸ್ಸು ಬಂತು. ಡ್ರೈವರ್ ಬಂಟ್ವಾಳದವ. ಎಂಜಿನ್ ಶುರು ಮಾಡಿಕೊಂಡು ಕಾಯುತ್ತಿದ್ದ. ಮೇಡಂ ಎಲ್ಲರನ್ನೂ ಹಾಲಿನಲ್ಲೇ ನೆಲದ ಮೇಲೆ ಕೂರಿಸಿದರು. ತಾವೂ ಪೆಟ್ಟಿಗೆಯ ಮೇಲೆ ಕೂತರು. ಮಾತಿಲ್ಲ, ಕತೆಯಿಲ್ಲ. ಅವರ ಕಡೆ ದೂರ ಹೊರಡುವ ಮುನ್ನ ಎಲ್ಲರೂ ಹೀಗೆ ಸುಮ್ಮನೆ ಒಂದು ಗಳಿಗೆ ಕೂರಬೇಕಂತೆ.

ಕಾದು ಬೇಸತ್ತ ಡ್ರೈವರ್ ಮೇಲೆ ಬಂದ. ನೋಡಿದ. ಚಪ್ಪಲಿ ಕಳಚಿ ತಾನೂ ಕೂತ. ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದ, "ಯಾರು ಸೀನಿದ್ದು?"

ಅಷ್ಟರಲ್ಲಿ ಮಾಲೀಕರು "ಯಲ್ಲಾ, ಯಲ್ಲಾ! ತಡ ಆಯ್ತು!" ಎನ್ನುತ್ತ ನುಗ್ಗಿದರು. ಮಕ್ಕಳೆಲ್ಲ ಒಟ್ಟಿಗೆ "ಶ್!" ಎಂದರು. ಮಾಲೀಕರು ಗಾಬರಿಯಾಗಿ, ಏನು ಎತ್ತ ಗೊತ್ತಿಲ್ಲದೆ, ಕಣ್ಣು ಮುಚ್ಚಿ ಎರಡೂ ಕೈ ಎತ್ತಿ ದುವಾ ಮಾಡಿದರು.

ಊರ ಹೊರಗಿನ ಸೇತುವೆ ದಾಟಿದ ಮೇಲೆ ಗೊತ್ತಾಯಿತು, ಸಂಗೀತದ ಕ್ಯಾಸೆಟ್ ಟೇಪ್‌ರೆಕಾರ್ಡರಿನಲ್ಲೇ ಉಳಿದಿದೆ. ಬಸ್ಸು ತಿರುಗಿಸಿದೆವು. ಮೇಡಂ ಮುಖ ಬಿಳುಚಿತು. ಹೊರಟವರು ವಾಪಸು ಬರಬಾರದು, ಬಂದರೆ ಕನ್ನಡಿ ನೋಡಿ ಹೊರಡಬೇಕು ಎಂದರು. ನೀರು ಕುಡಿದು ಹೊರಡಬೇಕು ಎಂದರು ಅಜ್ಜಿ. ಚರ್ಚೆಗೆ ಹೊತ್ತಿರಲಿಲ್ಲ. ಬಸ್ಸಿನವರೆಲ್ಲ ಸಾಲಾಗಿ ಡ್ರೈವರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಒಂದೊಂದು ಗುಟುಕು ನೀರು ಕುಡಿದರು.

ಡ್ರೈವರ್ ನನ್ನನ್ನು ಕೇಳಿದ, "ಇನ್ನು ಯಾರ ಊರಿನ ಶಾಸ್ತ್ರವಾದರೂ ಬಾಕಿ ಉಂಟಾ? ಈಗಲೇ ಹೇಳಿ. ಹೈವೇಯಲ್ಲಿ ನಿಲ್ಲಿಸ್ಲಿಕ್ಕೆ ಆಗುವುದಿಲ್ಲ."

೭. ಹಿಂದಿನ ಸಾಲು

ದುಬೈಯ ಸಭಾಂಗಣ ತುಂಬಿತ್ತು. ಪರದೆ ಏಳಲು ಸ್ವಲ್ಪವೇ ಹೊತ್ತು. ಆಗ ಅಜ್ಜಿಯ ಮೊಮ್ಮಗಳು ಪರದೆಯ ಸಂದಿಯಿಂದ ಜನರನ್ನು ನೋಡಿಬಿಟ್ಟಳು. "ಐ ಡೋಂಟ್ ವಾಂಟ್," ಎಂದು ನನ್ನ ಕಾಲು ಹಿಡಿದುಕೊಂಡಳು. ಅವಳು ಅತ್ತದ್ದು ಕಂಡು ಉಳಿದವರೂ ಅಳತೊಡಗಿದರು.

ಮಾಲೀಕರು ತಲೆಯ ಮೇಲೆ ಕೈಹೊತ್ತು ಕೂತರು. "ಮುಗಿಯಿತು. ಖಲಾಸ್."

ಮೇಡಂ ಚೀಲದಿಂದ ಗುಲಾಬಿ ಬೂಟು ತೆಗೆದು ಹಾಕಿಕೊಂಡು ರಿಬ್ಬನ್ ಬಿಗಿದರು. ಮಕ್ಕಳಿಗೆ ಹೇಳಿದರು, "ನಾನೂ ಬರುತ್ತೇನೆ. ಹಿಂದೆ ಇರುತ್ತೇನೆ."

ಅಳು ನಿಂತಿತು. ಮಕ್ಕಳು ಸಾಲಾಗಿ ನಿಂತರು. ಮೇಡಂ ಹಿಂದಿನ ಸಾಲಿಗೆ ಹೋಗಿ ಎಡಗಡೆ ಕೊನೆಯಲ್ಲಿ ನಿಂತರು. ಅಭ್ಯಾಸ.

ನಾನು, ಮಾಲೀಕರು ಕೆಳಗಿಳಿದು ಸಭೆಯಲ್ಲಿ ಕೂತೆವು. ಪರದೆ ಎದ್ದಿತು. ಸಂಗೀತ ಶುರುವಾಯಿತು. ಇಲ್ಲಿ ಒಂದು ವಿಷಯ ಯಾರಿಗೂ ಹೊಳೆದಿರಲಿಲ್ಲ. ಆ ಮಕ್ಕಳು ವರ್ಷವಿಡೀ ಮೇಡಂ ಮುಖ ನೋಡಿಕೊಂಡೇ ಕುಣಿದವರು. ಮೇಡಂ ಹಿಂದೆ ಇದ್ದಾರೆ. ಸರಿ. ಮಕ್ಕಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದರು.

ತಿರುಗಿ ಬಹಳ ಚೆನ್ನಾಗಿ ಕುಣಿದರು. ಒಂದು ಹೆಜ್ಜೆ ತಪ್ಪಲಿಲ್ಲ. ಸಭೆಗೆ ಕಂಡದ್ದು ಮಾತ್ರ ಬರೀ ಬೆನ್ನು, ಲಂಗ, ಮಲ್ಲಿಗೆ ಮುಡಿದ ತುರುಬು. ತಂದೆಯಂದಿರು ಕ್ಯಾಮೆರಾ ಹಿಡಿದು ಯಾವ ಬೆನ್ನು ತಮ್ಮದೆಂದು ಹುಡುಕುತ್ತಿದ್ದರು. ಇಡೀ ವೇದಿಕೆಯಲ್ಲಿ ಸಭೆಗೆ ಮುಖ ಕಾಣುತ್ತಿದ್ದದ್ದು ಒಬ್ಬರದ್ದೇ. ಮೇಡಂ ಅವರದ್ದು.

ಅವರಿಗೂ ಅದು ಅರ್ಥವಾಯಿತು. ಒಂದು ಕ್ಷಣ ತಡವರಿಸಿದರು. ಆಮೇಲೆ ಮೂಲೆ ಬಿಟ್ಟು ನಡುವಿಗೆ ಬಂದರು. ತುದಿಗಾಲಿನ ಮೇಲೆ ಎದ್ದರು. ಆಮೇಲಿನದ್ದನ್ನು ನಾನು ಹೇಳಲಾರೆ. ನನಗೆ ನೃತ್ಯ ತಿಳಿಯುವುದಿಲ್ಲ. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಅಷ್ಟು ಹೇಳಬಲ್ಲೆ. ಪಕ್ಕದಲ್ಲಿ ಸಮೋಸ ಹಿಡಿದಿದ್ದವರೂ ತಿನ್ನಲು ಮರೆತಿದ್ದರು.

ಮುಗಿದ ಮೇಲೆ ಮುಖ್ಯ ಅತಿಥಿಗಳು ವೇದಿಕೆಗೆ ಬಂದರು. ಮಾಲೀಕರು ನನ್ನ ತೋಳು ಗಟ್ಟಿಯಾಗಿ ಹಿಡಿದರು. ಅತಿಥಿಗಳು ಮೈಕ್ ಮುಂದೆ ಗಂಟಲು ಸರಿಮಾಡಿಕೊಂಡರು.

"ನಾನು ಬಹಳ ನೃತ್ಯ ನೋಡಿದ್ದೇನೆ. ಎಲ್ಲರೂ ಪ್ರೇಕ್ಷಕರ ಮುಖ ನೋಡಿ ಕುಣಿಯುತ್ತಾರೆ. ಗುರುವಿನ ಮುಖ ನೋಡಿ ಕುಣಿದದ್ದನ್ನು ಇವತ್ತೇ ಕಂಡದ್ದು. ಇದಲ್ಲವೇ ಗುರುಭಕ್ತಿ! ಇಂಥ ಗುರು ಈ ಗಲ್ಫಿನಲ್ಲೇ ಇಲ್ಲ!" ಎಂದು ಮೇಡಂ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು.

ಅತಿಥಿಗಳು ನಿಂತಿದ್ದದ್ದು ಮೇಡಂಗೆ ಎಡಗಡೆ. ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ.

"ಥೂ ಥೂ ಥೂ."

ಮೈಕು ಅದನ್ನು ಸಭಾಂಗಣದ ಕೊನೆಯ ಸಾಲಿಗೂ ಮುಟ್ಟಿಸಿತು. ಮಾಲೀಕರು ನನ್ನ ತೋಳು ಬಿಟ್ಟು ಕುರ್ಚಿ ಹಿಡಿದುಕೊಂಡರು.

ಆಗ ಮುಂದಿನ ಸಾಲಿನಿಂದ ಅಜ್ಜಿ ಎದ್ದರು. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. "ಸರಿಯಾಗೇ ಮಾಡಿದ್ರಿ ಮೇಡಂ. ಆದ್ರೆ ಈ ಮಗೂನ ಯಾಕೆ ಬಿಟ್ಟಿರಿ? ಇಷ್ಟು ಜನದ ಕಣ್ಣು ಇವರ ಮೇಲೂ ಬಿದ್ದಿರತ್ತೆ," ಎಂದು ಮುಖ್ಯ ಅತಿಥಿಗಳ ಗಲ್ಲ ಹಿಡಿದು, "ಥೂ ಥೂ ಥೂ" ಎಂದು ನೆಟಿಕೆ ಮುರಿದರು.

ಆ ದೊಡ್ಡ ಮನುಷ್ಯರು ಅಜ್ಜಿಯನ್ನು ನೋಡಿದರು. ಕರ್ಚೀಫು ತೆಗೆದರು. ಮುಖ ಒರೆಸಿಕೊಂಡರೋ ಕಣ್ಣು ಒರೆಸಿಕೊಂಡರೋ ಗೊತ್ತಾಗಲಿಲ್ಲ. ಮೈಕಿನಲ್ಲಿ ಹೇಳಿದರು, "ನಮ್ಮ ಅಮ್ಮ ತೀರಿಕೊಂಡ ಮೇಲೆ ನನಗೆ ಯಾರೂ ಹೀಗೆ ಮಾಡಿರಲಿಲ್ಲ. ಮುಂದಿನ ವಾರದಿಂದ ನಮ್ಮ ಶಾಲೆಗೂ ಈ ಮೇಡಂ ಬರಬೇಕು."

ಚಪ್ಪಾಳೆಯ ನಡುವೆ ಮಾಲೀಕರು ನನ್ನನ್ನು ತಳ್ಳಿದರು. "ಇನ್ನೆಂತ ನೋಡುವುದು ಮಾರಾಯ್ರೆ? ವೀಸಾ ಮುಂದುವರಿಸಿ. ಕರಾಟೆಯವರು ಟೆರೇಸಿಗೆ ಹೋಗಲಿ. ಹೋಗಿ ಹೇಳಿ."

ವೇದಿಕೆಯ ಹಿಂದೆ ಹೋದೆ. ಮೇಡಂ ಪೆಟ್ಟಿಗೆಯ ಮೇಲೆ ಕೂತು ರಿಬ್ಬನ್ ಬಿಚ್ಚುತ್ತಿದ್ದರು.

"ಮೇಡಂ, ತರಗತಿ ಉಳಿಯಿತು. ವೀಸಾ ಆಗುತ್ತದೆ," ಎಂದೆ.

ಅವರು ಕತ್ತೆತ್ತಿ ನೋಡಿದರು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಯಾರನ್ನೂ ಹೊಗಳುವವನಲ್ಲ. ಅವತ್ತು ಮಾತ್ರ ಬಾಯಿಗೆ ಬಂತು. "ಚೆನ್ನಾಗಿ ಕುಣಿದಿರಿ. ಮುಂದಿನ ಸಾಲಿನಲ್ಲಿ."

ಮೇಡಂ ಕಣ್ಣು ತುಂಬಿ ಬಂತು. ಆಮೇಲೆ ಮೆಲ್ಲಗೆ ಎಡಕ್ಕೆ ತಿರುಗಿದರು.

ಎಡಗಡೆ ನಿಂತಿದ್ದವನು ನಾನು.